ಅವ್ವನ ರಾತ್ರಿಯ ಭಯಕ್ಕೆ ಸೈಲೊಸಿಬಿನ್ ಚಿಕಿತ್ಸೆ: ಇದು ನಿಜವೇ, ನಮಗೆ ಸಿಗುವಂಥದ್ದೇ?

ಪ್ರಶ್ನೆ ಕೇಳಿದವರು: ಆಲೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 61 ವರ್ಷ. ಎರಡು ವರ್ಷಗಳ ಹಿಂದೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿ, ಕೀಮೋ ಮುಗಿದು, ಹತ್ತು ಹನ್ನೊಂದು ತಿಂಗಳು ನೆಮ್ಮದಿಯಾಗಿದ್ದೆವು. ಕಳೆದ ಕಾಫಿ ಕುಯ್ಲಿನ ಹೊತ್ತಿಗೆ ಹೊಟ್ಟೆಯಲ್ಲಿ ಮತ್ತೆ ನೀರು ತುಂಬತೊಡಗಿತು. ಈಗ ಎರಡನೆಯ ಸುತ್ತಿನ ಕೀಮೋ ನಡೆಯುತ್ತಿದೆ. ರೋಗವನ್ನು ಪೂರ್ತಿ ಗುಣಪಡಿಸುವುದು ಆಗದು, ಹಿಡಿತದಲ್ಲಿ ಇಡಬಹುದು ಎಂದು ವೈದ್ಯರು ಅವಳ ಎದುರಿಗೇ ಹೇಳಿದ್ದಾರೆ.

ನಾನು ಇಲ್ಲಿ ಕೇಳುತ್ತಿರುವುದು ಅವಳ ಭಯದ ಬಗ್ಗೆ. ಹಗಲು ಹೊತ್ತಿನಲ್ಲಿ ನೋಡಿದವರು ಇವಳಿಗೆ ಇಂಥ ಕಾಯಿಲೆ ಇದೆ ಎಂದು ನಂಬಲಾರರು. ಬಂದವರಿಗೆ ಕಾಫಿ ಕೊಡುತ್ತಾಳೆ, ಅವರೇಕಾಯಿ ಸುಲಿಯುತ್ತಾಳೆ, ಮೊಮ್ಮಗನಿಗೆ ಜಡೆ ಹಾಕುತ್ತೇನೆಂದು ತಮಾಷೆ ಮಾಡುತ್ತಾಳೆ. ರಾತ್ರಿ ಎರಡು ಗಂಟೆಯಾಗುತ್ತಲೇ ಏಳುತ್ತಾಳೆ. ಮಂಚದ ಕೆಳಗಿನ ಟ್ರಂಕನ್ನು ಸದ್ದಾಗದಂತೆ ಎಳೆದು, ಮಡಿಸಿಟ್ಟ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ, ಸೆರಗಿನ ಅಂಚನ್ನು ಬೆರಳಿನಿಂದ ನೀವಿ, ಮತ್ತೆ ಮಡಿಸಿ ಒಳಗಿಡುತ್ತಾಳೆ. ಅದೆಲ್ಲ ಮುಗಿದ ಮೇಲೆ ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಬೆಳಕು ಹರಿಯುವವರೆಗೂ ಕೂತಿರುತ್ತಾಳೆ. ಹತ್ತಿರ ಹೋದರೆ "ಏನೂ ಇಲ್ಲ, ನೀನು ಹೋಗಿ ಮಲಗು" ಎನ್ನುತ್ತಾಳೆ. ಕೈ ಹಿಡಿದರೆ ಅಂಗೈ ತಣ್ಣಗಾಗಿ ಬೆವರಿರುತ್ತದೆ. ಒಂದೇ ಒಂದು ಸಲ "ಕಣ್ಣು ಮುಚ್ಚಲು ಹೆದರಿಕೆ" ಎಂದಿದ್ದಳು, ಅಷ್ಟೇ.

ನಿದ್ರೆ ಮಾತ್ರೆ ಕೊಟ್ಟಿದ್ದಾರೆ. ಅದರಿಂದ ಮಂಪರು ಬಂದರೂ ಭಯ ಹೋಗಲಿಲ್ಲ. ಬಾಲ್ಟಿಮೋರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಅಲ್ಲಿಯ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಅಣಬೆಯಿಂದ ಬರುವ ಸೈಲೊಸಿಬಿನ್ ಎಂಬ ವಸ್ತುವನ್ನು ಒಮ್ಮೆ ಕೊಟ್ಟು, ಸಾವಿನ ಭಯ ತಿಂಗಳುಗಟ್ಟಲೆ ಕಡಿಮೆಯಾಗಿದ್ದನ್ನು ಕಂಡಿದ್ದಾರೆ ಎಂದು ಹೇಳಿದ. ಇದನ್ನು ಕೇಳಿಸಿಕೊಂಡ ನಮ್ಮ ಪರಿಚಯದ ಒಬ್ಬರು, ಅಂಥ ಅಣಬೆಯನ್ನು ಘಟ್ಟದ ಮೇಲಿನಿಂದ ತಾವೇ ತರಿಸಿಕೊಡುವುದಾಗಿ ಮುಂದೆ ಬಂದಿದ್ದಾರೆ. ನನಗೆ ದಿಕ್ಕು ತೋಚುತ್ತಿಲ್ಲ. ಇದು ನಿಜವಾದ ಚಿಕಿತ್ಸೆಯೇ? ನಮ್ಮ ದೇಶದಲ್ಲಿ ಎಲ್ಲಾದರೂ ಸಿಗುತ್ತದೆಯೇ? ಸಿಗದಿದ್ದರೆ ಅವ್ವನ ಈ ಭಯಕ್ಕೆ ಬೇರೆ ಏನಿದೆ? ಅವಳು ಈಗ ನೋವಿಗೆ ಟ್ರಾಮಡಾಲ್, ಮನಸ್ಸಿನ ಕಳವಳಕ್ಕೆ ಎಸಿಟಲೋಪ್ರಾಮ್, ಬಿ.ಪಿ. ಮಾತ್ರೆ, ವಾಂತಿಗೆ ಮೆಟೊಕ್ಲೊಪ್ರಮೈಡ್ ಮತ್ತು ಬೆಳಿಗ್ಗೆ, ರಾತ್ರಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾಳೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ನಿವೃತ್ತ ಮನೋವೈದ್ಯ, ಹಾಸನ

ತಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಮೂವತ್ತು ವರ್ಷ ಮನೋವೈದ್ಯನಾಗಿ ಕೆಲಸ ಮಾಡಿದವನು. ಸೈಲೊಸಿಬಿನ್ ಅನ್ನು ಯಾವ ರೋಗಿಗೂ ಕೊಟ್ಟಿಲ್ಲ, ಕೊಡುವ ಅವಕಾಶವೂ ನಮಗೆ ಇಲ್ಲ. ಆದರೆ ಅದರ ಸಂಶೋಧನೆಯನ್ನು ಬಹಳ ಕಾಲದಿಂದ ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ತಮ್ಮ ಸಹೋದರ ಹೇಳಿದ್ದು ಸುಳ್ಳಲ್ಲ. ಆದರೆ ಅವರು ಹೇಳದೆ ಬಿಟ್ಟ ಸಂಗತಿಗಳೇ ಹೆಚ್ಚು ಮುಖ್ಯವಾದುವು.

ಈ ವಿಚಾರ ಇಂದು ನಿನ್ನೆಯದಲ್ಲ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞರು 1943ರಲ್ಲಿ ಸೈಲೊಸಿಬಿನ್‌ನಂತೆಯೇ ಮನಸ್ಸಿನ ಅನುಭವವನ್ನು ಬದಲಿಸುವ ಎಲ್.ಎಸ್.ಡಿ. ಎಂಬ ವಸ್ತುವಿನ ಪರಿಣಾಮವನ್ನು ಕಂಡುಕೊಂಡರು. 1958ರಲ್ಲಿ ಅಣಬೆಯಿಂದ ಸೈಲೊಸಿಬಿನ್ ಅನ್ನು ಬೇರ್ಪಡಿಸಿದವರೂ ಅವರೇ. 1960ರ ದಶಕದಲ್ಲಿ ಷಿಕಾಗೋದಲ್ಲಿ ಎರಿಕ್ ಕಾಸ್ಟ್ ಎಂಬ ವೈದ್ಯರು ನೋವು ಕಡಿಮೆ ಮಾಡುವ ಉದ್ದೇಶದಿಂದ ಕ್ಯಾನ್ಸರ್ ರೋಗಿಗಳಿಗೆ ಎಲ್.ಎಸ್.ಡಿ. ಕೊಟ್ಟಾಗ, ನೋವಿನ ಜೊತೆಗೆ ಸಾವನ್ನು ಕುರಿತ ಕಳವಳವೂ ಕೆಲವರಲ್ಲಿ ಸಡಿಲವಾದದ್ದನ್ನು ಗಮನಿಸಿದರು. ಮೇರಿಲ್ಯಾಂಡಿನ ಸ್ಪ್ರಿಂಗ್ ಗ್ರೋವ್ ಆಸ್ಪತ್ರೆಯಲ್ಲಿ ಆ ಕೆಲಸ ಮುಂದುವರಿಯಿತು. ಅಷ್ಟರಲ್ಲಿ ಈ ವಸ್ತುಗಳು ಬೀದಿಗೆ ಬಂದವು, ಇವನ್ನು ನಿರ್ಬಂಧಿಸುವ ಅಮೆರಿಕದ ಕಾನೂನು 1970ರಲ್ಲಿ, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂದು, ಆಸ್ಪತ್ರೆಯ ಬಾಗಿಲೂ ಮುಚ್ಚಿಹೋಯಿತು. ಮತ್ತೆ ತೆರೆಯಲು ಮೂರು ದಶಕ ಬೇಕಾಯಿತು. 2011ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಚಾರ್ಲ್ಸ್ ಗ್ರೋಬ್ ಅವರ ತಂಡ ಬರೀ 12 ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಸೈಲೊಸಿಬಿನ್ ಅಧ್ಯಯನ, 2014ರಲ್ಲಿ ಸ್ವಿಟ್ಜರ್ಲೆಂಡಿನ ಪೀಟರ್ ಗಾಸರ್ ಅವರು ಮತ್ತೆ 12 ಜನರ ಮೇಲೆ ನಡೆಸಿದ ಎಲ್.ಎಸ್.ಡಿ. ಅಧ್ಯಯನ ಪ್ರಕಟವಾದವು.

ತಮ್ಮ ಸಹೋದರ ಹೇಳಿದ್ದು 2016ರ ಅಧ್ಯಯನವನ್ನು. ಆ ವರ್ಷದ ಡಿಸೆಂಬರ್‌ನಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಹಾಪ್‌ಕಿನ್ಸ್‌ನಲ್ಲಿ ರೋಲಂಡ್ ಗ್ರಿಫಿತ್ಸ್ ಅವರ ತಂಡದ್ದು 51 ಜನರದು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ರಾಸ್ ಅವರ ತಂಡದ್ದು 29 ಜನರದು. ಮೊದಲನೆಯದರಲ್ಲಿ ಆರು ತಿಂಗಳ ನಂತರವೂ ಸುಮಾರು ಶೇ. 80ರಷ್ಟು ಜನರಲ್ಲಿ ಕಳವಳ ಮತ್ತು ಖಿನ್ನತೆ ಗಮನಾರ್ಹವಾಗಿ ಇಳಿದಿದ್ದವು. ಎರಡನೆಯದರಲ್ಲಿ ಆರೂವರೆ ತಿಂಗಳಿಗೆ ಆ ಪ್ರಮಾಣ ಶೇ. 60ರಿಂದ 80. ನ್ಯೂಯಾರ್ಕಿನವರಲ್ಲಿ ಬದುಕಿದ್ದ ಸುಮಾರು 15 ಜನರನ್ನು ನಾಲ್ಕೂವರೆ ವರ್ಷಗಳ ನಂತರ ಮತ್ತೆ ಮಾತನಾಡಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲೂ ಹೆಚ್ಚಿನವರಲ್ಲಿ ಆ ನೆಮ್ಮದಿ ಉಳಿದುಕೊಂಡಿತ್ತು. ಒಂದು ಮಾತ್ರೆಯನ್ನು ತಿಂಗಳುಗಟ್ಟಲೆ ಪ್ರತಿದಿನ ನುಂಗಿದರೂ ದೊರೆಯದ ಫಲ ಒಂದೇ ದಿನದಿಂದ ದೊರೆಯಿತೆಂದರೆ, ಮನೋವೈದ್ಯನಾದವನು ಓದುವುದನ್ನು ನಿಲ್ಲಿಸಿ ಯೋಚಿಸಲೇಬೇಕಾಗುತ್ತದೆ.

ಆದರೆ ಆ ಒಂದು ದಿನದ ಹಿಂದೆ ಮುಂದೆ ಏನಿತ್ತು ಎಂಬುದನ್ನು ನೋಡಿ. ಔಷಧ ಕೊಡುವ ಮೊದಲು ಹಲವು ಭೇಟಿಗಳಲ್ಲಿ ರೋಗಿ ತನ್ನ ಬದುಕನ್ನು, ಸಂಸಾರವನ್ನು, ಹೆದರಿಕೆಯನ್ನು ಇಬ್ಬರು ಚಿಕಿತ್ಸಕರ ಮುಂದೆ ಹೇಳಿಕೊಂಡಿರುತ್ತಾರೆ. ಆ ದಿನ ಮನೆಯಂತೆ ಸಜ್ಜುಗೊಳಿಸಿದ ಕೋಣೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿ, ಸಂಗೀತ ಕೇಳುತ್ತಾ ಆರೇಳು ಗಂಟೆ ಮಲಗಿರುತ್ತಾರೆ. ಆ ಇಬ್ಬರು ಪಕ್ಕ ಬಿಟ್ಟು ಕದಲುವುದಿಲ್ಲ. ಹೆದರಿದರೆ ಕೈ ಹಿಡಿಯುತ್ತಾರೆ, ರಕ್ತದೊತ್ತಡ ನೋಡುತ್ತಿರುತ್ತಾರೆ. ಅನಂತರದ ವಾರಗಳಲ್ಲಿ ಕಂಡದ್ದನ್ನು, ಅನಿಸಿದ್ದನ್ನು ಮತ್ತೆ ಮಾತಿಗೆ ತರುತ್ತಾರೆ. ಹೊಟ್ಟೆಗೆ ಹೋದ ಸೈಲೊಸಿಬಿನ್ ದೇಹದಲ್ಲಿ ಸೈಲೊಸಿನ್ ಆಗಿ ಮಾರ್ಪಟ್ಟು, ಮಿದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಒಂದು ಬಗೆಯ ತಾಣಗಳನ್ನು ಹಿಡಿಯುತ್ತದೆ. ಮನಸ್ಸು ತನ್ನ ಹಳೆಯ ಜಾಡನ್ನು ಬಿಟ್ಟು ಕೆಲವು ಗಂಟೆ ತೀರ ಮೃದುವಾಗುತ್ತದೆ. ಹಾಗೆ ಮೃದುವಾದ ಮನಸ್ಸಿಗೆ ಯಾರು ಜೊತೆಗಿದ್ದಾರೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಆ ಜೊತೆಯನ್ನು ತೆಗೆದು ಅಣಬೆಯೊಂದನ್ನೇ ಕೊಟ್ಟರೆ ಅದು ಈ ಚಿಕಿತ್ಸೆಯಲ್ಲ.

ಇದರ ಕೊರತೆಗಳನ್ನೂ ಮುಚ್ಚಿಡಬಾರದು. ಅಧ್ಯಯನಕ್ಕೆ ಒಳಗಾದವರು ಕಡಿಮೆ, ಅದರಲ್ಲೂ ಬಹುಪಾಲು ಓದಿದ ಬಿಳಿಯರು. ಮಲೆನಾಡಿನ ಹೆಣ್ಣುಮಗಳೊಬ್ಬರ ಮನಸ್ಸು ಅದೇ ರೀತಿ ಸ್ಪಂದಿಸುತ್ತದೆಯೇ ಎಂದು ಯಾರೂ ಪರೀಕ್ಷಿಸಿಲ್ಲ. ಇನ್ನೊಂದು, ಔಷಧವನ್ನು ಅದರ ಗುಣವಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿ ನೋಡುವುದು ಇಲ್ಲಿ ಸುಲಭವಲ್ಲ. ನ್ಯೂಯಾರ್ಕಿನವರು ಮೈ ಬಿಸಿಯೇರಿಸುವ ನಯಾಸಿನ್ ವಿಟಮಿನ್ ಅನ್ನು ಹುಸಿಮಾತ್ರೆಯಾಗಿ ಕೊಟ್ಟು ನೋಡಿದರು. ಆದರೂ ನಿಜವಾದ ಔಷಧ ಯಾರಿಗೆ ಹೋಯಿತೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ಕೊಟ್ಟವರಿಗೂ ತೆಗೆದುಕೊಂಡವರಿಗೂ ಗೊತ್ತಾಗಿಬಿಡುತ್ತದೆ. ಫಲದಲ್ಲಿ ನಿರೀಕ್ಷೆಯ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಆದ್ದರಿಂದ ಕಷ್ಟ. ಹಾಪ್‌ಕಿನ್ಸ್ ಅಧ್ಯಯನದಲ್ಲಿ ಹೆಚ್ಚಿನ ಪ್ರಮಾಣ ಕೊಟ್ಟ ದಿನ ಸುಮಾರು ಮೂರರಲ್ಲಿ ಒಬ್ಬರಿಗೆ ರಕ್ತದೊತ್ತಡ ಏರಿತ್ತು, ಅಷ್ಟೇ ಜನರಿಗೆ ಆ ಹೊತ್ತಿನಲ್ಲಿ ಮಾನಸಿಕ ತಳಮಳವಾಗಿತ್ತು. ತಮಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಮೊದಲೇ ಹೊರಗಿಟ್ಟಿದ್ದರು.

ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ ಇದನ್ನು ಬರೆದುಕೊಡಬಹುದು. ಕೆನಡಾ 2020ರಲ್ಲಿ ನಾಲ್ವರು ಕ್ಯಾನ್ಸರ್ ರೋಗಿಗಳಿಗೆ ವಿಶೇಷ ವಿನಾಯಿತಿ ಕೊಟ್ಟಿತು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಸೈಲೊಸಿಬಿನ್, ಎಲ್.ಎಸ್.ಡಿ. ಎರಡೂ ಇವೆ, ಇವನ್ನು ಇಟ್ಟುಕೊಳ್ಳುವುದೇ ಅಪರಾಧ. ತಮ್ಮ ತಾಯಿಯವರ ಸ್ಥಿತಿಯಲ್ಲಿ ವಿದೇಶಕ್ಕೆ ಕರೆದೊಯ್ಯುವ ಯೋಚನೆಯನ್ನು ನಾನಂತೂ ಬೆಂಬಲಿಸಲಾರೆ. ಅರಿವಳಿಕೆಗೆ ಬಳಸುವ ಕೆಟಮಿನ್ ಅನ್ನು ತೀವ್ರ ಖಿನ್ನತೆಗೆ ನಮ್ಮ ದೇಶದ ಕೆಲವು ಮನೋವೈದ್ಯರು ಆಸ್ಪತ್ರೆಯಲ್ಲಿಯೇ ಇಟ್ಟುಕೊಂಡು ಕೊಡುತ್ತಾರೆ, ಅದು ಕಾನೂನಿಗೆ ಹೊರತಲ್ಲ. ಆದರೆ ಅದರ ಗುಣ ಬೇರೆ, ಫಲ ಕೆಲವೇ ದಿನಗಳದು, ತಾವು ವರ್ಣಿಸಿದಂಥ ಭಯಕ್ಕೆ ಅದನ್ನು ಈ ಮಟ್ಟದಲ್ಲಿ ಪರೀಕ್ಷಿಸಿಯೂ ಇಲ್ಲ.

ಕೊನೆಯದಾಗಿ ಒಂದು ವಿಷಯವನ್ನು ತಡಮಾಡದೆ ಮಾಡಿ. ಟ್ರಾಮಡಾಲ್ ಮತ್ತು ಎಸಿಟಲೋಪ್ರಾಮ್ ಎರಡೂ ಸೆರೊಟೊನಿನ್ ಅನ್ನು ಏರಿಸುವ ಔಷಧಗಳು. ಒಟ್ಟಿಗೆ ತೆಗೆದುಕೊಳ್ಳುವವರಲ್ಲಿ ಕೆಲವೊಮ್ಮೆ ನಡುಕ, ಬೆವರು, ಚಡಪಡಿಕೆ ಕಾಣಿಸುತ್ತವೆ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಇದರ ಮೇಲೆ ಸೆರೊಟೊನಿನ್ ತಾಣಗಳಲ್ಲೇ ಕೆಲಸ ಮಾಡುವ ಇನ್ನೊಂದು ವಸ್ತುವನ್ನು ಮನೆಯಲ್ಲಿ ಸೇರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ. ಆದರೆ ಈ ಜೋಡಿಯ ಬಗ್ಗೆ ಬರೆದುಕೊಟ್ಟ ವೈದ್ಯರನ್ನು ಈ ವಾರವೇ ಕೇಳಿ.

ಉತ್ತರ: ಮೂಡಿಗೆರೆಯ ಬೆಳೆಗಾರ

ತಂಗೀ, ಡಾಕ್ಟರು ಔಷಧದ ಬಗ್ಗೆ ಹೇಳಿದ್ದಾರೆ, ನಾನು ಅಣಬೆಯ ಬಗ್ಗೆ ಮಾತ್ರ ಹೇಳುತ್ತೇನೆ. ನಾವು ಮೂರು ತಲೆಮಾರಿನಿಂದ ಮುಂಗಾರು ಹಿಡಿದ ಮೇಲೆ ತೋಟದಲ್ಲಿ ಅಣಬೆ ಆರಿಸಿ ತಿಂದವರು. ಹುತ್ತದ ಅಣಬೆಯನ್ನು ಕಣ್ಣು ಮುಚ್ಚಿ ವಾಸನೆಯಲ್ಲೇ ಗುರುತಿಸುತ್ತೇನೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಅಂಥ ಮನೆಯವನಾದ ನಾನು ಈಗ ಗೊತ್ತಿಲ್ಲದ ಒಂದೇ ಒಂದು ಅಣಬೆಯನ್ನೂ ಅಡುಗೆಮನೆಗೆ ತರಲು ಬಿಡುವುದಿಲ್ಲ.

ಆರು ವರ್ಷಗಳ ಹಿಂದೆ ನಮ್ಮ ತೋಟದ ಕೂಲಿ ಲೈನಿನಲ್ಲಿದ್ದ ಒಂದು ಕುಟುಂಬದವರು ಸಂಜೆ ಅಣಬೆ ಸಾರು ಮಾಡಿ ಉಂಡರು. ರಾತ್ರಿ ಏನೂ ಆಗಲಿಲ್ಲ, ಬೆಳಗಿನ ಜಾವ ವಾಂತಿ ಭೇದಿ ಶುರುವಾಯಿತು. ಮಾರನೆಯ ದಿನ ಇಳಿಯಿತು, ಎದ್ದು ಓಡಾಡಿದರು, ನಾವೂ ಗಂಡಾಂತರ ಕಳೆಯಿತು ಎಂದುಕೊಂಡೆವು. ಮೂರನೆಯ ದಿನ ಯಜಮಾನನ ಕಣ್ಣು ಅರಿಸಿನ ಹಚ್ಚಿದಂತಾಗಿತ್ತು. ಮಂಗಳೂರಿಗೆ ಸಾಗಿಸುವಷ್ಟರಲ್ಲಿ ಲಿವರ್ ಕೈಬಿಟ್ಟಿತ್ತು, ಆ ಮನುಷ್ಯ ಉಳಿಯಲಿಲ್ಲ. ನಡುವಿನ ಆ ಒಂದು ದಿನದ ಸುಳ್ಳು ಚೇತರಿಕೆಯನ್ನು ನಂಬಿ ಕಾದದ್ದಕ್ಕೆ ನಾನು ಇವತ್ತಿಗೂ ಕೊರಗುತ್ತೇನೆ. ವಿಷದ ಅಣಬೆಯ ಸ್ವಭಾವವೇ ಅದು ಎಂದು ಆಸ್ಪತ್ರೆಯಲ್ಲಿ ಆಮೇಲೆ ತಿಳಿಸಿದರು. ಸಣ್ಣ ಕಂದು ಬಣ್ಣದ ಅಣಬೆಗಳಲ್ಲಿ ಅಮಲಿನದು ಯಾವುದು, ಲಿವರ್ ಸುಡುವುದು ಯಾವುದು ಎಂದು ಒಣಗಿಸಿ ಪೊಟ್ಟಣ ಕಟ್ಟಿದ ಮೇಲೆ ಬ್ರಹ್ಮ ಬಂದರೂ ಹೇಳಲಾರ.

ಈಗ ನಮ್ಮ ಕಡೆ ರಜೆಗೆ ಬರುವ ಹುಡುಗರು ಇದನ್ನೇ ಕೇಳುತ್ತಾರೆ, ತಂದುಕೊಡುವವರೂ ಹುಟ್ಟಿಕೊಂಡಿದ್ದಾರೆ. ಕೀಮೋ ಆಗುತ್ತಿರುವ ತಾಯಿಗೆ, ಲಿವರ್ ಮೊದಲೇ ದಣಿದಿರುವಾಗ, ಅವರ ಮಾತು ಕೇಳಬೇಡಿ. ಅವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೂ ಬೇಡ.

ಉತ್ತರ: ಬೇಲೂರಿನ ನಿವೃತ್ತ ಮೇಷ್ಟ್ರು

ಇಲ್ಲಿಯವರೆಗೆ ಬರೆದವರೆಲ್ಲ ರೋಗಿಯ ಪಕ್ಕ ನಿಂತವರು. ನಾನು ರೋಗಿ. ನಾಲ್ಕು ವರ್ಷಗಳಿಂದ ಮಲ್ಟಿಪಲ್ ಮೈಲೋಮಾ, ಎಂದರೆ ಮೂಳೆಮಜ್ಜೆಯ ಕ್ಯಾನ್ಸರ್ ಇದೆ. ಆದ್ದರಿಂದ ಈ ತಾಯಿಯ ಪರವಾಗಿ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಭಯಕ್ಕೆ ಜನ ತಮಗೆ ತೋಚಿದ ಹೆಸರು ಇಡುತ್ತಾರೆ. ಧೈರ್ಯ ತಂದುಕೊಳ್ಳಿ, ದೇವರಿದ್ದಾನೆ, ಯೋಚಿಸಬೇಡಿ ಎನ್ನುತ್ತಾರೆ. ನನಗೆ ನರಕದ ಭಯವಿಲ್ಲ, ಮರುಜನ್ಮದ ಚಿಂತೆಯೂ ಇಲ್ಲ. ಸಂಜೆ ಚೆನ್ನಕೇಶವನ ಗುಡಿಯ ಅಂಗಳದಲ್ಲಿ ಕೂತಾಗ, 1117ರಿಂದ ನಿಂತಿರುವ ಈ ಕಲ್ಲು ನಾಳೆಯೂ ಇರುತ್ತದೆ, ಮಕ್ಕಳು ಹೀಗೆಯೇ ಓಡಾಡುತ್ತಾರೆ, ನಾನೊಬ್ಬ ಇರುವುದಿಲ್ಲ ಎಂಬ ಯೋಚನೆ ಬಂದು ಎದೆ ಹಿಡಿದಂತಾಗುತ್ತದೆ. ಅದಕ್ಕೆ ನಿದ್ರೆ ಮಾತ್ರೆ ಉತ್ತರವಲ್ಲ. ಅಲ್ಲೆಲ್ಲೋ ಒಂದು ಕೋಣೆಯಲ್ಲಿ ಆ ಬಿಗಿತ ಸಡಿಲವಾಗುತ್ತದೆ ಎಂದಾದರೆ, ನನ್ನ ದೇಶದಲ್ಲಿ ಅದನ್ನು ಪರೀಕ್ಷಿಸಿಯಾದರೂ ನೋಡಬೇಡವೇ? ನೋವಿಗೆ ಮಾರ್ಫಿನ್ ಕೊಡಲು 1985ರ ಅದೇ ಕಾಯ್ದೆ ಎಷ್ಟು ವರ್ಷ ಅಡ್ಡಿಯಾಗಿತ್ತು ಎಂದು ನೆನಪಿಸಿಕೊಳ್ಳಿ; 2014ರಲ್ಲಿ ತಿದ್ದುಪಡಿ ಬರುವವರೆಗೆ ಅನುಮತಿಪತ್ರಗಳ ಕಂತೆಗೆ ಹೆದರಿ ಆಸ್ಪತ್ರೆಗಳೇ ಮಾರ್ಫಿನ್ ಇಡುತ್ತಿರಲಿಲ್ಲ. ನೋವಿನ ವಿಷಯದಲ್ಲಿ ಮಾಡಿದ ತಪ್ಪನ್ನು ಭಯದ ವಿಷಯದಲ್ಲಿ ಮತ್ತೆ ಮಾಡಬಾರದು ಎಂಬುದು ನನ್ನ ವಿನಂತಿ.

ಡಾಕ್ಟರಲ್ಲಿ ಒಂದು ಪ್ರಶ್ನೆಯೂ ಇದೆ. ಆ ಔಷಧ ತೆಗೆದುಕೊಂಡವರಿಗೆ ಆಗುವ ಸಮಾಧಾನ ನಿಜವಾದದ್ದೋ, ಅಮಲು ಹುಟ್ಟಿಸಿದ ಹುಸಿ ನಂಬಿಕೆಯೋ? ಸಾಯುವ ಕಾಲದಲ್ಲಿ ನನಗೆ ಯಾರೂ ಸುಳ್ಳು ಹೇಳುವುದು ಬೇಡ.

ಉತ್ತರ: ನಿವೃತ್ತ ಮನೋವೈದ್ಯ, ಹಾಸನ

ಮೇಷ್ಟ್ರೇ, ತಮ್ಮ ಪ್ರಶ್ನೆಯನ್ನು ಈ ಕ್ಷೇತ್ರದವರೇ ತಮಗೆ ತಾವು ಕೇಳಿಕೊಳ್ಳುತ್ತಿದ್ದಾರೆ. ಹಾಪ್‌ಕಿನ್ಸ್‌ನಲ್ಲಿ ಪಾಲ್ಗೊಂಡ ಬಹಳ ಜನ, ಆ ದಿನವನ್ನು ತಮ್ಮ ಬದುಕಿನ ಅತ್ಯಂತ ಅರ್ಥಪೂರ್ಣವಾದ ಕೆಲವೇ ದಿನಗಳ ಸಾಲಿಗೆ ಸೇರಿಸಿದರು. ತಾನು ಎಂಬುದರ ಗೆರೆ ಅಳಿಸಿ ಎಲ್ಲದರೊಂದಿಗೆ ಒಂದಾದ ಅನುಭವ ಯಾರಿಗೆ ಹೆಚ್ಚು ಆಯಿತೋ ಅವರಲ್ಲಿ ಭಯವೂ ಹೆಚ್ಚು ಇಳಿದಿತ್ತು. ಅದು ಸತ್ಯದ ದರ್ಶನವೇ ಎಂದು ವೈದ್ಯಶಾಸ್ತ್ರ ತೀರ್ಪು ಕೊಡಲಾರದು. ಚಿಕಿತ್ಸಕರು ತಮ್ಮ ನಂಬಿಕೆಯನ್ನು ರೋಗಿಯ ಬಾಯಿಗೆ ಹಾಕಬಾರದು ಎಂಬ ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಇಡಬಹುದು, ಇಡಲೇಬೇಕು. ಆ ಹೊತ್ತಿನಲ್ಲಿ ಮನಸ್ಸು ಯಾವ ಮಾತನ್ನಾದರೂ ಹೀರಿಕೊಳ್ಳುತ್ತದೆ. ಗ್ರಿಫಿತ್ಸ್ ಅವರಿಗೇ ಆಮೇಲೆ ನಾಲ್ಕನೆಯ ಹಂತದ ಕರುಳಿನ ಕ್ಯಾನ್ಸರ್ ಬಂದಿತು. 2023ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವ ಮುಂಚೆ ಸಂದರ್ಶನಗಳಲ್ಲಿ ಅವರು ಕೃತಜ್ಞತೆಯ ಬಗ್ಗೆ ಮಾತನಾಡುತ್ತಿದ್ದ ರೀತಿಯನ್ನು ಓದಿದಾಗ, ತಮ್ಮ ಸಂಶೋಧನೆಯಿಂದ ಅವರು ದೂರ ನಿಂತಿರಲಿಲ್ಲ ಎಂದು ನನಗೆ ಅನಿಸಿತು.

ಪರೀಕ್ಷಿಸಬೇಕು ಎಂಬ ತಮ್ಮ ಮಾತನ್ನು ಒಪ್ಪುತ್ತೇನೆ. ನಮ್ಮ ಕಾಯ್ದೆಯಲ್ಲಿಯೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಅನುಮತಿ ಪಡೆದು ಬಳಸಲು ಎಡೆಯಿದೆ. ನಿಮ್ಹಾನ್ಸ್‌ನಂಥ ಸಂಸ್ಥೆ, ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆ ಎರಡೂ ಒಂದೇ ಊರಿನಲ್ಲಿ, ಮೂರು ಕಿಲೋಮೀಟರಿನೊಳಗೆ ಇರುವ ರಾಜ್ಯ ನಮ್ಮದು. ಇಂಥ ಅಧ್ಯಯನ ನಡೆಯುವುದಾದರೆ ಇಲ್ಲಿಯೇ ನಡೆಯಬೇಕು ಎಂಬುದು ನನ್ನ ಆಸೆ.

ಉತ್ತರ: ಉಪಶಮನ ಆರೈಕೆಯ ನರ್ಸ್, ಚಿಕ್ಕಮಗಳೂರು

ಅಕ್ಕಾ, ನಾನು ಮನೆಮನೆಗೆ ಹೋಗಿ ಇಂಥ ರೋಗಿಗಳ ನೋವು, ಸಂಕಟ ತಗ್ಗಿಸುವ ಆರೈಕೆ ಮಾಡುವವಳು. ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಮೊದಲು ಮಾತ್ರೆಯ ಹೊತ್ತನ್ನು ನೋಡಿ. ಡೆಕ್ಸಾಮೆಥಾಸೋನ್ ರಾತ್ರಿ ತೆಗೆದುಕೊಂಡರೆ ನಿದ್ರೆ ಒಡೆಯುತ್ತದೆ, ಮನಸ್ಸು ಚಡಪಡಿಸುತ್ತದೆ; ಸಾಮಾನ್ಯವಾಗಿ ನಾವು ಅದನ್ನು ಬೆಳಿಗ್ಗೆ ತಿಂಡಿಯ ಜೊತೆಗೇ ಕೊಡಿಸುತ್ತೇವೆ. ಮೆಟೊಕ್ಲೊಪ್ರಮೈಡ್‌ನಿಂದ ಕೆಲವರಿಗೆ ಒಂದು ಕಡೆ ಕೂರಲಾರದ, ಕಾಲು ನಿಲ್ಲದ ತಳಮಳ ಬರುತ್ತದೆ, ಅದನ್ನು ಮನೆಯವರು ಭಯ ಎಂದುಕೊಳ್ಳುತ್ತಾರೆ. ಡಾಕ್ಟರು ಹೇಳಿದ ಜೋಡಿಯ ಜೊತೆಗೆ ಈ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ನಿಮ್ಮ ತಾಯಿಯ ಭಯವೆಲ್ಲ ಮಾತ್ರೆಯಿಂದ ಬಂದದ್ದು ಎಂದು ನಾನು ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿರುವುದು ಮಾತ್ರೆಯಾಗಿದ್ದರೆ, ಎದ್ದ ಮೇಲೆ ಕತ್ತಲಲ್ಲಿ ಕಾದಿರುವುದು ಭಯ. ಎಬ್ಬಿಸುವುದನ್ನು ತಪ್ಪಿಸಿದರೆ ಅರ್ಧ ರಾತ್ರಿಯಾದರೂ ಅವರಿಗೆ ಸಿಗುತ್ತದೆ. ಮಲಗಿದಾಗ ಹೊಟ್ಟೆಯ ನೀರು ಒತ್ತಿ ಉಸಿರು ಕಟ್ಟುತ್ತಿದೆಯೇ ಎಂದೂ ಕೇಳಿ. ತಲೆಯ ಕಡೆ ಎತ್ತರಿಸಿ, ಬೇಕಾದರೆ ನೀರು ತೆಗೆಸಿ.

ಆಮೇಲೆ ಮಾತು. "ಹೆದರಬೇಡವ್ವ" ಎನ್ನುವುದನ್ನು ನಿಲ್ಲಿಸಿ. ಹಾಗೆಂದ ಕೂಡಲೇ ಅವರು ಹೆದರಿಕೆಯನ್ನು ನಿಮ್ಮಿಂದ ಬಚ್ಚಿಡುತ್ತಾರೆ, ನಿಮಗೆ ನೋವಾಗಬಾರದು ಎಂದು. ಟ್ರಂಕು ತೆಗೆದಾಗ ಹೋಗಿ ಪಕ್ಕದಲ್ಲಿ ಕೂತು, ಈ ಸೀರೆ ಯಾವಾಗಿನದು ಎಂದು ಕೇಳಿ ನೋಡಿ. ಸೀರೆಯ ಮಾತು ಮುಗಿದ ಮೇಲೆ, "ಅವ್ವಾ, ನಿನಗೆ ಎಲ್ಲಕ್ಕಿಂತ ಯಾವುದು ಹೆದರಿಕೆ?" ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟದ ಕೆಲಸ, ನನಗೆ ಕಲಿಯಲು ಎರಡು ವರ್ಷ ಬೇಕಾಯಿತು. ನಾನು ಕಂಡಂತೆ ಸಾವಿಗೆ ಹೆದರುತ್ತಾರೆ ಎಂದು ನಾವು ಅಂದುಕೊಂಡವರಲ್ಲಿ ಎಷ್ಟೋ ಜನ ಹೆದರುತ್ತಿದ್ದದ್ದು ನೋವಿಗೆ, ಉಸಿರು ಕಟ್ಟುವುದಕ್ಕೆ, ಹೇಸಿಗೆಯಲ್ಲಿ ಬಿದ್ದಿರುವುದಕ್ಕೆ, ಮಗಳಿಗೆ ಹೊರೆಯಾಗುವುದಕ್ಕೆ. ಅವುಗಳಿಗೆಲ್ಲ ನಮ್ಮ ಕೈಯಲ್ಲಿ ಉಪಾಯವಿದೆ.

ಈ ಮಾತಿನ ಕೆಲಸಕ್ಕೂ ಶಾಸ್ತ್ರವಿದೆ. ಕೆನಡಾದ ಹಾರ್ವಿ ಚೋಚಿನೋವ್ ಎಂಬ ಮನೋವೈದ್ಯರು ರೂಪಿಸಿದ ಪದ್ಧತಿಯಲ್ಲಿ, ರೋಗಿ ತನ್ನ ಬದುಕಿನಲ್ಲಿ ಮುಖ್ಯವಾದದ್ದನ್ನು, ಮನೆಯವರಿಗೆ ಹೇಳಬೇಕಾದದ್ದನ್ನು ಹೇಳಿ ಬರೆಸಿ, ತಿದ್ದಿ, ಮಕ್ಕಳಿಗೆ ಕೊಡುತ್ತಾರೆ. ನ್ಯೂಯಾರ್ಕಿನ ವಿಲಿಯಂ ಬ್ರೈಟ್‌ಬಾರ್ಟ್ ಅವರದು ಬದುಕಿನ ಅರ್ಥವನ್ನೇ ಮುಂದಿಟ್ಟುಕೊಂಡು ವಾರವಾರ ನಡೆಸುವ ಮಾತುಕತೆ. ಸೈಲೊಸಿಬಿನ್ ಅಧ್ಯಯನದವರು ಆ ದಿನದ ಹಿಂದೆ ಮುಂದೆ ಮಾಡುವ ಕೆಲಸಕ್ಕೆ ಇವು ಬಹಳ ಹತ್ತಿರ, ಇವಕ್ಕೆ ಯಾವ ಪರವಾನಗಿಯೂ ಬೇಡ. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ತೋರಿಸಿ. ಬೆಂಗಳೂರಿಗೆ ಕೀಮೋಗೆ ಹೋದಾಗ ಅದೇ ದಿನ ಉಪಶಮನ ಆರೈಕೆ ವಿಭಾಗಕ್ಕೂ ಕಳಿಸಿ ಎಂದು ನೀವಾಗಿಯೇ ಕೇಳಿ, ಕೇಳದಿದ್ದರೆ ಯಾರೂ ಕಳಿಸುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ರಾತ್ರಿ ನಿಮಗೇ ತಡೆಯಲಾಗದೆ ಹೋದರೆ ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಮರುಬರಹ, ಹನ್ನೆರಡು ದಿನಗಳ ನಂತರ: ಆಲೂರಿನ ಮಗಳು

ಎಲ್ಲರಿಗೂ ನಾನು ಋಣಿ. ಅಣಬೆಯ ಮಾತನ್ನು ಅಂದೇ ಬಿಟ್ಟೆವು. ತಂದುಕೊಡುತ್ತೇನೆ ಎಂದವರಿಗೆ ಮೂಡಿಗೆರೆಯ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಚೀಟಿ ಬರೆದುಕೊಂಡು ವೈದ್ಯರ ಬಳಿ ಹೋದೆವು. ರಾತ್ರಿಯ ಡೆಕ್ಸಾಮೆಥಾಸೋನ್ ನಿಲ್ಲಿಸಿ ಬೆಳಗಿನದನ್ನು ಮಾತ್ರ ಉಳಿಸಿದರು, ವಾಂತಿಯ ಮಾತ್ರೆ ಬದಲಿಸಿದರು, ಟ್ರಾಮಡಾಲ್ ತೆಗೆದು ಕಡಿಮೆ ಪ್ರಮಾಣದ ಮಾರ್ಫಿನ್ ಬರೆದುಕೊಟ್ಟರು. ಮಾರ್ಫಿನ್ ಎಂದ ಕೂಡಲೇ ಅವ್ವನ ಮುಖ ಬಿಳಿಚಿಕೊಂಡಿತು, ಆಗ ನನಗೆ ಅರ್ಥವಾಗಲಿಲ್ಲ.

ಆ ರಾತ್ರಿ ಟ್ರಂಕು ತೆಗೆದಾಗ ಹೋಗಿ ನೆಲದ ಮೇಲೆ ಪಕ್ಕದಲ್ಲಿ ಕೂತೆ. ಹಸಿರು ಅಂಚಿನ ಒಂದು ಹಳೆಯ ಸೀರೆಯನ್ನು ಕೈಗೆತ್ತಿಕೊಂಡು, ಇದು ನಮ್ಮವ್ವನದು ಎಂದಳು. ನನ್ನ ಅಜ್ಜಿಗೂ ಹೊಟ್ಟೆಯ ಗಡ್ಡೆಯಾಗಿತ್ತಂತೆ. ಆಗ ಅವ್ವನಿಗೆ ಹತ್ತೊಂಬತ್ತು ವರ್ಷ. ಕೊನೆಯ ಹದಿನೈದು ದಿನ ಅಜ್ಜಿ ಇದೇ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೋವು ತಡೆದಿದ್ದಳಂತೆ, ಕೊಡಲು ಮನೆಯಲ್ಲಿ ಏನೂ ಇರಲಿಲ್ಲವಂತೆ. ಸೆರಗಿನ ಮೂಲೆಯಲ್ಲಿ ನೂಲು ಎಳೆದುಹೋದ ಜಾಗವನ್ನು ನನ್ನ ಬೆರಳು ಹಿಡಿದು ಮುಟ್ಟಿಸಿದಳು. ಅವಳು ಪ್ರತಿ ರಾತ್ರಿ ನೀವುತ್ತಿದ್ದದ್ದು ಅದನ್ನು. ಮಾರ್ಫಿನ್ ಕೊಟ್ಟರೆ ಅಷ್ಟು ಹತ್ತಿರ ಬಂತು ಎಂದರ್ಥವೇ ಎಂದು ಕೇಳಿದಳು. ನರ್ಸ್ ತಂಗಿ ಹೇಳಿದಂತೆ ಸುಮ್ಮನಿದ್ದು, ಆಮೇಲೆ, ಅಜ್ಜಿಗೆ ಸಿಗದೆ ಹೋದದ್ದು ನಿನಗೆ ಸಿಕ್ಕಿದೆ, ಸೆರಗು ಕಚ್ಚುವ ಹೊತ್ತು ಬರದಂತೆ ಈಗಲೇ ಕೊಡುತ್ತಿದ್ದಾರೆ ಎಂದೆ. ನಂಬಿದಳೋ ಇಲ್ಲವೋ, ಆ ಸೀರೆಯನ್ನು ಟ್ರಂಕಿಗೆ ಹಾಕದೆ ದಿಂಬಿನ ಪಕ್ಕ ಇಟ್ಟುಕೊಂಡಳು.

ಮೂರು ರಾತ್ರಿ ಐದು ಗಂಟೆಯವರೆಗೆ ನಿದ್ರೆ ಮಾಡಿದಳು. ನಾಲ್ಕನೆಯ ರಾತ್ರಿ ಮತ್ತೆ ಎರಡು ಗಂಟೆಗೆ ಎಚ್ಚರವಾಯಿತು. ಜಗಲಿಗೆ ಹೋಗಲಿಲ್ಲ; ನನ್ನ ಕೋಣೆಯ ಬಾಗಿಲಲ್ಲಿ ನಿಂತು "ಎದ್ದಿದ್ದೀಯಾ?" ಎಂದು ಕರೆದಳು. ಒಲೆ ಹೊತ್ತಿಸಿ ಇಬ್ಬರಿಗೂ ಕಾಫಿ ಮಾಡಿದೆ.

ಬೇಲೂರಿನ ಮೇಷ್ಟ್ರ ಮಾತನ್ನು ಅವಳಿಗೆ ಓದಿ ಹೇಳಿದ್ದೇನೆ. ಗುಡಿಯ ಅಂಗಳದ ಸಾಲನ್ನು ಎರಡನೆಯ ಸಲ ಓದಿಸಿಕೊಂಡು, ಅವರಿಗೆ ಒಂದು ದಿನ ಫೋನ್ ಮಾಡಿ ಮಾತನಾಡಬಹುದೇ ಎಂದು ಕೇಳುತ್ತಿದ್ದಾಳೆ. ಮೇಷ್ಟ್ರೇ, ತಮ್ಮ ಒಪ್ಪಿಗೆ ಇದ್ದರೆ ಖಾಸಗಿ ಸಂದೇಶದಲ್ಲಿ ತಿಳಿಸಿ.